ವರ್ಗಮೂಲ ಅಂದರೆ ಅರ್ಧ ಅಲ್ಲ!



ಹೋದ ಕಿರುಪರೀಕ್ಷೆಯಲ್ಲಿ ನಾನು 36ರ ವರ್ಗಮೂಲ 18 ಎಂದು ಬರೆದಿದ್ದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ "ಇದು ಅರ್ಧ" ಎಂದು ಬರೆದುಕೊಟ್ಟರು. 4ರ ವರ್ಗಮೂಲ 2 ಅಲ್ವಾ? ಅದು ಅರ್ಧವೂ ಹೌದು. ಅದನ್ನು ನೋಡಿಯೇ ನಾನು ಮೋಸಹೋದೆ. ನಮ್ಮ ತರಗತಿಯಲ್ಲಿ ಇನ್ನೂ ಕೆಲವರು ಹೀಗೇ ಬರೆದಿದ್ದರು. ಅದಕ್ಕೇ ಈ ಲೇಖನ.

ವರ್ಗ ಎಂದರೇನು?
ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವುದು ಅದರ ವರ್ಗ. 6 × 6 = 36. ಆದ್ದರಿಂದ 6ರ ವರ್ಗ 36, 36ರ ವರ್ಗಮೂಲ 6. ಹುಣಸೆ ಬೀಜ 36 ತಗೊಳ್ಳಿ. ಎರಡು ಸಮ ಗುಡ್ಡೆ ಮಾಡಿದರೆ ಒಂದೊಂದರಲ್ಲಿ 18, ಅದು ಅರ್ಧ. ಚೌಕವಾಗಿ ಜೋಡಿಸಿದರೆ ಸಾಲಿಗೆ 6, ಅದು ವರ್ಗಮೂಲ. ಹೀಗೆ ಪೂರ್ತಿ ಚೌಕ ಆಗುವ 1, 4, 9, 16, 25, 36 ಮುಂತಾದವು ಪೂರ್ಣವರ್ಗ ಸಂಖ್ಯೆಗಳು.

ಬೀಜದ ಆಟ
ಜಗಲಿ ಮೇಲೆ 1 ಬೀಜ ಇಡಿ. ಅದರ ಬಲಕ್ಕೆ, ಕೆಳಕ್ಕೆ, ಮೂಲೆಗೆ ಒಟ್ಟು 3 ಇಟ್ಟರೆ 4ರ ಚೌಕ. ಅದೇ ಎರಡು ಬದಿಗೆ ಇನ್ನೂ 5 ಇಟ್ಟರೆ 9. ಆಮೇಲೆ 7 ಇಟ್ಟರೆ 16. ನೋಡಿದಿರಾ? 1ರಿಂದ ಬೆಸ ಸಂಖ್ಯೆಗಳನ್ನು ಸಾಲಾಗಿ ಕೂಡಿದರೆ ಪೂರ್ಣವರ್ಗವೇ ಬರುತ್ತೆ! ತಿರುಗಿಸಿದರೆ ವರ್ಗಮೂಲ ಸಿಗುತ್ತೆ. 36ರಿಂದ 1, 3, 5, 7, 9, 11 ಕಳೆಯುತ್ತಾ ಹೋಗಿ: 35, 32, 27, 20, 11, 0. ಆರು ಸಲಕ್ಕೆ ಸೊನ್ನೆ ಬಂತು, ವರ್ಗಮೂಲ 6. ಸೊನ್ನೆ ಬರದಿದ್ದರೆ ಅದು ಪೂರ್ಣವರ್ಗ ಅಲ್ಲ.

ದೊಡ್ಡ ಸಂಖ್ಯೆ ಬಂದರೆ
ಅಪವರ್ತನ ಮಾಡಿ. 324 = 2×2×3×3×3×3. ಜೋಡಿಗೆ ಒಂದರಂತೆ ತೆಗೆದುಕೊಂಡರೆ 2×3×3 = 18. ಬಿಡಿ ಸ್ಥಾನದಲ್ಲಿ 2, 3, 7, 8 ಇದ್ದರೆ ಲೆಕ್ಕವೇ ಬೇಡ, ಅದು ಪೂರ್ಣವರ್ಗ ಅಲ್ಲ. ಆದರೆ 6 ಇದ್ದ ಮಾತ್ರಕ್ಕೆ ಪೂರ್ಣವರ್ಗ ಅನ್ನಬೇಡಿ. 26 ಅಲ್ಲ!

ನಿಮಗೆ ಗೊತ್ತೇ?
ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಸುಮಾರು ಕ್ರಿ.ಶ. 850ರಲ್ಲಿ 'ಗಣಿತಸಾರ ಸಂಗ್ರಹ' ಬರೆದರು. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಎಂದು ಅದರಲ್ಲಿ ಹೇಳಿದ್ದಾರೆ. ಯೋಚಿಸಿ, (−3) × (−3) ಕೂಡ +9 ತಾನೇ?

ನಮ್ಮ ತೋಟದಲ್ಲಿ
ಮಳೆ ಹಿಡಿದ ಮೇಲೆ ಅಪ್ಪ 200 ಅಡಿಕೆ ಸಸಿ ತಂದರು. ಉದ್ದಕ್ಕೂ ಅಡ್ಡಕ್ಕೂ ಅಷ್ಟಷ್ಟೇ ಬರಬೇಕು ಅಂದರು. 14×14 = 196, 15×15 = 225. "ಸಾಲಿಗೆ 14 ಅಪ್ಪಾ, 4 ಉಳಿಯುತ್ತೆ" ಅಂದೆ. ಅಪ್ಪ ನಂಬಲಿಲ್ಲ. ಗೂಟ ಹೊಡೆದು ಎಣಿಸಿದರು. ಸರಿಯಾಗಿಯೇ ಇತ್ತು! ಉಳಿದ 4 ಸಸಿಗಳನ್ನು ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ನೆಟ್ಟೆವು, ಸಾಲಿಗೆ ಎರಡರಂತೆ. ಸೊನ್ನೆ ಬಿಟ್ಟರೆ 4ಕ್ಕೆ ಮಾತ್ರ ಅರ್ಧವೂ ವರ್ಗಮೂಲವೂ ಒಂದೇ. ನೀವು ನನ್ನ ಹಾಗೆ ಮೋಸಹೋಗಬೇಡಿ.

ಪ್ರಶ್ನೆ: 150 ಸಸಿ ಇವೆ. ಚೌಕವಾಗಿ ನೆಡಲು ಇನ್ನು ಕನಿಷ್ಠ ಎಷ್ಟು ತರಬೇಕು? ಉತ್ತರವನ್ನು ಚೀಟಿಯಲ್ಲಿ ಬರೆದು ನನಗೆ ಕೊಡಿ.

– 7ನೇ ತರಗತಿ ವಿದ್ಯಾರ್ಥಿ