ಮಂಡ್ಯದಿಂದ ಮದ್ದೂರಿಗೆ ಗುರಿಯಿಟ್ಟರೆ

2024ರ ಪ್ಯಾರಿಸ್ ಒಲಿಂಪಿಕ್ಸ್. ಆರ್ಚರಿಯ ಪುರುಷರ ಫೈನಲ್‌ನಲ್ಲಿ ಕೊರಿಯಾದ ಕಿಮ್ ವೂ-ಜಿನ್ ಮತ್ತು ಅಮೆರಿಕದ ಬ್ರೇಡಿ ಎಲಿಸನ್ ಐದು ಸೆಟ್ ಮುಗಿದರೂ ಸಮಸಮ. ಕೊನೆಗೆ ತಲಾ ಒಂದೇ ಬಾಣ. 70 ಮೀಟರ್ ದೂರದ ಗುರಿಹಲಗೆಯಲ್ಲಿ ಎರಡೂ ನಡುವಿನ ಹತ್ತು ಅಂಕದ ವೃತ್ತಕ್ಕೇ ನಾಟಿದವು. ಅಳತೆ ಹಿಡಿದು ನೋಡಿದಾಗ ಕಿಮ್ ಬಾಣ ನಡುಬಿಂದುವಿನಿಂದ 55.8 ಮಿ.ಮೀ., ಎಲಿಸನ್ ಬಾಣ 60.7 ಮಿ.ಮೀ. ಚಿನ್ನಕ್ಕೂ ಬೆಳ್ಳಿಗೂ ಇದ್ದ ಅಂತರ 4.9 ಮಿ.ಮೀ. ಬಾಣ ಬಿಡುವ ಗೆರೆಯಲ್ಲಿ ನಿಂತವರ ಬರಿಗಣ್ಣಿಗೆ ಇದು ಕಾಣುವಂಥದ್ದಲ್ಲ. ಅಷ್ಟು ದೂರದಲ್ಲಿ ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಅವುಗಳ ನಡುವೆ ಸುಮಾರು 20 ಮಿ.ಮೀ. ಇರಬೇಕು.

ಈ ಲೆಕ್ಕವನ್ನು ನಮ್ಮ ಮಂಡ್ಯ ಜಿಲ್ಲೆಯ ನಕಾಶೆಯ ಮೇಲೆ ಹರಡಿ ನೋಡೋಣ. ಹಕ್ಕಿ ಹಾರುವ ದಾರಿಯಲ್ಲಿ ಮಂಡ್ಯದಿಂದ ಮದ್ದೂರು ಸುಮಾರು 17 ಕಿ.ಮೀ., ಮಳವಳ್ಳಿ ಸುಮಾರು 23 ಕಿ.ಮೀ. ಹತ್ತರ ವೃತ್ತದ ಅಗಲ 12.2 ಸೆಂ.ಮೀ. 70 ಮೀಟರಿನಿಂದ ಆ ವೃತ್ತ ಕಾಣುವ ಕೋನವನ್ನು ಹಾಗೇ ಇಟ್ಟು ದೂರವನ್ನಷ್ಟೇ ಹಿಗ್ಗಿಸಿದರೆ, ಮಂಡ್ಯದಲ್ಲಿ ನಿಂತವರು ಮದ್ದೂರಿನಲ್ಲಿ 30 ಮೀಟರ್ ಅಗಲದ ಜಾಗಕ್ಕೆ, ಮಳವಳ್ಳಿಯಲ್ಲಿ 40 ಮೀಟರ್ ಅಗಲದ ಜಾಗಕ್ಕೆ ಗುರಿಯಿಟ್ಟಂತೆ. ಆ ಚಿನ್ನ–ಬೆಳ್ಳಿಯ ಅಂತರ ಮದ್ದೂರಿನಲ್ಲಿ 1.2 ಮೀಟರ್ ಆಗುತ್ತದೆ. ನಿಜವಾದ ಬಾಣ ಅಷ್ಟು ದೂರ ಹೋಗುವುದಿಲ್ಲ. 1971ರಲ್ಲಿ ಹ್ಯಾರಿ ಡ್ರೇಕ್ ಮಲಗಿ, ಕಾಲಿನಿಂದ ಬಿಲ್ಲನ್ನು ಒತ್ತಿ ಹಿಡಿದು ಬಿಟ್ಟ ದಾಖಲೆಯ ಬಾಣವೂ 1,854 ಮೀಟರಿಗೆ ನಿಂತಿತು. ಆದರೆ ಬಿಲ್ಲುಗಾರರ ಕೈಯಲ್ಲಿರುವ ಕೋನ ಮಾತ್ರ ಇಷ್ಟೇ ಸೂಕ್ಷ್ಮ.

ಈಗ ದೂರವನ್ನು ಕುಗ್ಗಿಸೋಣ. ಬಾಣದ ಉದ್ದ ಸುಮಾರು 70 ಸೆಂ.ಮೀ., ಅಂದರೆ ಗುರಿಯ ದೂರದ ನೂರರಲ್ಲೊಂದು ಭಾಗ. ಬಾಣದ ಹಿಂತುದಿ ಅಲುಗದೆ ಮೊನೆಯಷ್ಟೇ 0.6 ಮಿ.ಮೀ. ಸರಿದರೆ ನಡುವಿಗೆ ಇಟ್ಟ ಗುರಿ ಹತ್ತರ ವೃತ್ತದ ಅಂಚಿಗೆ ಹೋಗುತ್ತದೆ. ಪ್ಯಾರಿಸ್‌ನ 4.9 ಮಿ.ಮೀ. ಬಾಣದ ಮೊನೆಯಲ್ಲಿ 0.05 ಮಿ.ಮೀ.ಗಿಂತ ಕಡಿಮೆ, ತಲೆಗೂದಲಿನ ದಪ್ಪಕ್ಕೂ ಸಾಲದು.

ಇಷ್ಟು ಸಣ್ಣ ಅಂತರದಲ್ಲಿ ಬಾಣ ತಪ್ಪಿದರೆ ದೋಷ ಯಾರದು? ಕೈಯದೋ, ಬಿಲ್ಲಿನದೋ, ಬಾಣದ್ದೋ? ಈ ಪ್ರಶ್ನೆಗೆ ಉತ್ತರ ಹುಡುಕಲು ಹುಟ್ಟಿದ್ದೇ ಬಾಣ ಬಿಡುವ ಯಂತ್ರ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಇಂಥ ಯಂತ್ರ ಕಟ್ಟಿ ಬಿಲ್ಲನ್ನು ಪ್ರಯೋಗಾಲಯಕ್ಕೆ ತಂದರು. 1918ರಲ್ಲಿ ರಾಬರ್ಟ್ ಗೊಡಾರ್ಡ್ ಜೊತೆ ರಾಕೆಟ್ ಪ್ರಯೋಗ ಮಾಡಿದ್ದವರೂ ಇವರೇ. ಟಿಪ್ಪುವಿನ ರಾಕೆಟ್ಟುಗಳ ಶ್ರೀರಂಗಪಟ್ಟಣ ಇರುವ ಜಿಲ್ಲೆಯವರು ನೆನಪಿಡಬೇಕಾದ ಹೆಸರಿದು.

ಯಂತ್ರದ ರಚನೆ ಸರಳ. ಅಲುಗದಂತೆ ಬಿಗಿದ ಚೌಕಟ್ಟು. ಅದರ ಮುಂದೆ ಬಿಲ್ಲಿನ ಹಿಡಿಕೆಯನ್ನು ಅಂಗೈಯಂತೆ ಒತ್ತಿ ಹಿಡಿಯುವ ಆಸರೆ. ಹಿಂದೆ ಹೆದೆಯನ್ನು ಎಳೆಯುವ ತಿರುಗಣೆ. ಪ್ರತಿ ಸಲವೂ ಹೆದೆ ಅದೇ ಗೆರೆಗೆ ಬಂದು ನಿಲ್ಲುತ್ತದೆ, ಕೊಕ್ಕೆ ಕಳಚುತ್ತದೆ, ಬಾಣ ಹೊರಡುತ್ತದೆ. ಉಸಿರಿಲ್ಲ, ನಾಡಿಬಡಿತವಿಲ್ಲ, ದಣಿವಿಲ್ಲ.

ಆ ‘ಅದೇ ಗೆರೆ’ ಎಷ್ಟು ಮುಖ್ಯ ಎಂಬುದನ್ನು ಅಂಕಿಗಳೇ ಹೇಳುತ್ತವೆ. ಸೆಕೆಂಡಿಗೆ 60 ಮೀಟರ್, ಅಂದರೆ ಗಂಟೆಗೆ 216 ಕಿ.ಮೀ. ವೇಗದ ಬಾಣ 70 ಮೀಟರ್ ದಾಟಲು ತೆಗೆದುಕೊಳ್ಳುವುದು 1.17 ಸೆಕೆಂಡ್. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ ಅಷ್ಟರಲ್ಲಿ ಅದು ನೇರ ದಾರಿಯಿಂದ 6.7 ಮೀಟರ್ ಕೆಳಗೆ ಬೀಳುತ್ತದೆ; ಅದಕ್ಕೇ ಮೊನೆಯನ್ನು ಎತ್ತಿ ಬಿಡುವುದು. ವೇಗ ನೂರಕ್ಕೆ ಒಂದರಷ್ಟು ತಗ್ಗಿದರೆ ಬಾಣ ಇನ್ನೂ 13.6 ಸೆಂ.ಮೀ. ಕೆಳಗೆ ಹೋಗಿ, ಹತ್ತು ಬರಬೇಕಾದ ಕಡೆ ಎಂಟು ಬರುತ್ತದೆ. ವೇಗ ಅಷ್ಟು ತಗ್ಗಲು ಹೆದೆಯನ್ನು ಸುಮಾರು 5 ಮಿ.ಮೀ. ಕಡಿಮೆ ಎಳೆದರೆ ಸಾಕು.

ಬಾಣದ ಮೇಲೆ ಬೀಳುವ ಹೊಡೆತವೂ ಸಣ್ಣದಲ್ಲ. ಅರ್ಧ ಮೀಟರ್ ಓಟದಲ್ಲಿ, ಸೆಕೆಂಡಿನ ಅರವತ್ತರಲ್ಲೊಂದು ಭಾಗದಲ್ಲಿ ಅದು ಸೊನ್ನೆಯಿಂದ ಪೂರ್ಣ ವೇಗಕ್ಕೆ ಏರುತ್ತದೆ. ಸರಾಸರಿ ತಳ್ಳುವಿಕೆ ಗುರುತ್ವದ 360 ಪಟ್ಟಿಗೂ ಹೆಚ್ಚು. 60 ಕಿಲೋ ತೂಗುವ ಮನುಷ್ಯನನ್ನು ಹಾಗೆ ತಳ್ಳಿದರೆ, ಮೈಮೇಲೆ ಕಬ್ಬು ತುಂಬಿದ ಲಾರಿ ನಿಂತಂತೆ 20 ಟನ್ನಿಗೂ ಮೀರಿದ ಭಾರ ಬೀಳುತ್ತದೆ. ಬಾಣ ಬಳುಕುತ್ತದೆ, ಬಳುಕುತ್ತಲೇ ಬಿಲ್ಲನ್ನು ಬಳಸಿ ಸಾಗುತ್ತದೆ. ಬಳುಕು ಹೆಚ್ಚಾದರೂ ಕಡಿಮೆಯಾದರೂ ದಿಕ್ಕು ಕೆಡುತ್ತದೆ.

ಆದ್ದರಿಂದ ಯಂತ್ರದ ಮುಂದೆ ಪ್ರತಿ ಬಾಣಕ್ಕೂ ಒಂದು ನಂಬರ್. ಒಂದೊಂದನ್ನೂ ಮತ್ತೆ ಮತ್ತೆ ಬಿಡುತ್ತಾರೆ. 7ನೇ ನಂಬರಿನ ಬಾಣ ಪ್ರತಿ ಸಲವೂ ಎಡಕ್ಕೇ ಹೋದರೆ ಅದರ ನಾಕ್ (ಹೆದೆಗೆ ಸಿಕ್ಕಿಸುವ ಹಿಂತುದಿಯ ಕಚ್ಚು) ತಿರುಗಿಸಿ ನೋಡುತ್ತಾರೆ. ಆಗಲೂ ದಾರಿಗೆ ಬರದಿದ್ದರೆ ಪಕ್ಕಕ್ಕಿಡುತ್ತಾರೆ. ಎಲ್ಲ ಬಾಣಗಳೂ ಒಟ್ಟಿಗೇ ಚದುರಿದರೆ ದೋಷ ಬಿಲ್ಲಿನಲ್ಲಿದೆ ಎಂದರ್ಥ. ಆಗ ಹೆದೆಯಲ್ಲಿ ಬಾಣ ಕೂರುವ ಎತ್ತರವನ್ನೋ, ಬಿಲ್ಲಿಗೂ ಹೆದೆಗೂ ಇರುವ ಅಂತರವನ್ನೋ ಕೂದಲೆಳೆಯಷ್ಟು ಬದಲಿಸಿ ಮತ್ತೆ ಬಿಡುತ್ತಾರೆ. ಕೊರಿಯಾದ ತಂಡಕ್ಕೆ ಬಾಣ ಆರಿಸಲು ಹ್ಯುಂಡೈ ಕಂಪನಿ ಇಂಥ ಯಂತ್ರ ಮಾಡಿಕೊಟ್ಟಿದೆ. ಆ ದೇಶದ ಮಹಿಳಾ ತಂಡ 1988ರಿಂದ 2024ರವರೆಗೆ ಸತತ ಹತ್ತು ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದೆ. ಅದರ ಹಿಂದಿರುವುದು ಬಿಲ್ಲುಗಾರ್ತಿಯರ ದುಡಿಮೆ. ಕೆಟ್ಟ ಬಾಣದಿಂದ ಆ ದುಡಿಮೆ ಪೋಲಾಗದಂತೆ ಯಂತ್ರ ಕಾಯುತ್ತದೆ. ಆದರೆ ಕೊಕ್ಕೆ ಕಳಚುವಂತೆ ಬೆರಳು ಕಳಚುವುದಿಲ್ಲ. ಬೆರಳಿನಿಂದ ಜಾರುವಾಗ ಹೆದೆ ತುಸು ಪಕ್ಕಕ್ಕೆ ಸರಿಯುತ್ತದೆ. ಅದರಿಂದಾಗಿ ಕೊನೆಯ ಹೊಂದಿಕೆ ಆಯಾ ಬಿಲ್ಲುಗಾರರ ಕೈಯಲ್ಲೇ ಆಗಬೇಕು.

ಇಲ್ಲಿಯೇ ನನಗೆ ಮನುಷ್ಯನ ದೊಡ್ಡತನ ಕಾಣುವುದು. 2019ರಲ್ಲಿ ಲಿಮಾದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಇದೇ ಎಲಿಸನ್ 72 ಬಾಣಗಳಲ್ಲಿ 720ಕ್ಕೆ 702 ಅಂಕ ಗಳಿಸಿ ವಿಶ್ವದಾಖಲೆ ಮಾಡಿದರು. ಕಳೆದುಕೊಂಡದ್ದು 18 ಅಂಕ. ಅಂದರೆ ಕನಿಷ್ಠ 54 ಬಾಣ ಹತ್ತರ ವೃತ್ತದಲ್ಲೇ ಇದ್ದವು. ಚೌಕಟ್ಟಿಲ್ಲ, ತಿರುಗಣೆಯಿಲ್ಲ. ಸುಮಾರು 20 ಕಿಲೋ ಎಳೆತವನ್ನು ತಡೆದು ಹಿಡಿದ ಒಂದು ಭುಜ, ಮೂರು ಬೆರಳು.

ಸ್ಥಳಪುರಾಣ ಮದ್ದೂರನ್ನು ಅರ್ಜುನಪುರಿ ಎನ್ನುತ್ತದೆ. ಅಂಥ ಊರಿರುವ ಜಿಲ್ಲೆಯ ಶಾಲೆಗಳ ಮೈದಾನದಲ್ಲಿ ಬಿಲ್ಲು ಹಿಡಿಯುವ ಮಕ್ಕಳಿಗೆ ದುಬಾರಿ ಯಂತ್ರ ಸಿಗದೆ ಇರಬಹುದು. ಅದರ ಪಾಠಕ್ಕೆ ಮಾತ್ರ ಖರ್ಚಿಲ್ಲ. ಬಾಣಗಳಿಗೆ ನಂಬರ್ ಬರೆಯಿರಿ. ಚಿನ್ನ ತೂಗುವ ತಕ್ಕಡಿಯಲ್ಲಿ ತೂಗಿ. 20 ಗ್ರಾಂ ಬಾಣ 0.2 ಗ್ರಾಂ ಹೆಚ್ಚು ತೂಗಿದರೂ 70 ಮೀಟರಿನಲ್ಲಿ ಐದಾರು ಸೆಂ.ಮೀ. ಕೆಳಗೆ ಹೋಗಬಲ್ಲದು. ಯಾವ ನಂಬರ್ ಎಲ್ಲಿ ಬಿತ್ತೆಂದು ವಾರಗಟ್ಟಲೆ ಪುಸ್ತಕದಲ್ಲಿ ಗುರುತಿಸಿ. ‘ನಿನ್ನ ಕೈ ಸರಿಯಿಲ್ಲ’ ಎಂದು ಮಗುವಿಗೆ ಹೇಳುವ ಮೊದಲು ಆ ಪುಸ್ತಕವನ್ನೊಮ್ಮೆ ತೆರೆದು ನೋಡಿ.