ಮೈಮೇಲೆರಗುವ ಹುಂಜ

ಹುಂಜದ ಕೂಗು ನಮ್ಮ ವ್ಯಾಕರಣದ ಪಾಠಕ್ಕೂ ಒದಗಿದೆ. ಹ್ರಸ್ವ, ದೀರ್ಘ, ಪ್ಲುತಗಳೆಂಬ ಸ್ವರಭೇದವನ್ನು ಪಾಣಿನಿಯು ಉಕಾರದಿಂದ ಸೂಚಿಸಿದ್ದಾನೆ. ಕ್ರಮವಾಗಿ ಏರುವ ಹುಂಜದ ಕೂಗೇ ಅದಕ್ಕೆ ನಿದರ್ಶನವೆಂದು ಪಾಠ ಹೇಳುವ ವಾಡಿಕೆಯುಂಟು. ತರಗತಿಯಲ್ಲಿ ಇದನ್ನು ಕೇಳಿ ಮಕ್ಕಳು ನಗುತ್ತಾರೆ. ಅದೇ ಹುಂಜ ಹಿತ್ತಿಲಲ್ಲಿ ಕತ್ತಿನ ಗರಿ ಕೆದರಿ ಎದುರು ನಿಂತರೆ ನಗುವ ಮಕ್ಕಳು ವಿರಳ.

ತೆಲಿಗಿಯ ಸುತ್ತಿನ ಹಳ್ಳಿಗಳಲ್ಲಿ ಕೋಳಿ ಸಾಕುವುದು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಕೆಲಸ. ತಿಪ್ಪೆಯ ಹುಳ, ಕಣದಲ್ಲಿ ಉದುರಿದ ಜೋಳ, ಮನೆಯ ನುಚ್ಚು ಇಷ್ಟೇ ಬಂಡವಾಳ. ಮೊಟ್ಟೆ ಮಾರಿದ ಕಾಸು ಅವರ ಕೈಗೇ ಸೇರುತ್ತದೆ. ಆದ್ದರಿಂದ ಒಂದು ಹುಂಜ ಮೈಮೇಲೆ ಬರುತ್ತದೆಂದು ಕೋಳಿ ಸಾಕುವುದನ್ನೇ ಬಿಡುವಂತಿಲ್ಲ. ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ದೊಡ್ಡವರಿಗೆ ಮೊಣಕಾಲಿನವರೆಗೆ ಎಗರುವ ಹುಂಜವು ಮೂರು ವರ್ಷದ ಮಗುವಿಗೆ ಮುಖದವರೆಗೆ ಎಗರುತ್ತದೆ. ಕಣ್ಣಿಗೆ ಬಿದ್ದ ಪೆಟ್ಟು ಮಾತ್ರ ಜನ್ಮಕ್ಕೆ ಅಂಟಿಕೊಂಡೀತು.

ಹುಂಜ ಹೀಗೇಕೆ ಮಾಡುತ್ತದೆ? ಅದು ಕೆಟ್ಟ ಜಾತಿಯೆಂದಲ್ಲ, ಅದಕ್ಕೆ ಗಾಳಿ ಸೋಕಿದೆಯೆಂದೂ ಅಲ್ಲ. ಕೋಳಿಗಳ ಗುಂಪಿನಲ್ಲಿ ಮೇಲುಕೀಳಿನ ಒಂದು ಕಟ್ಟಳೆಯಿದೆ. ಯಾವ ಕೋಳಿ ಯಾವುದನ್ನು ಕುಕ್ಕಬಹುದು, ಯಾವುದಕ್ಕೆ ದಾರಿ ಬಿಡಬೇಕು ಎಂಬುದು ಅವುಗಳಲ್ಲಿ ಗೊತ್ತಾಗಿರುತ್ತದೆ. ನಾರ್ವೆ ದೇಶದ ಶೆಲ್ಡರಪ್-ಎಬ್ಬೆ ಎಂಬ ವಿದ್ವಾಂಸನು 1920ರ ದಶಕದ ಮೊದಲಲ್ಲಿ ಈ ಕ್ರಮವನ್ನು ವಿವರಿಸಿ ಬರೆದನು. ಮರಿಯಾಗಿದ್ದ ಹುಂಜಕ್ಕೆ ನಾಲ್ಕೈದು ತಿಂಗಳು ತುಂಬಿ ಪ್ರಾಯ ಬಂದಾಗ ತನ್ನ ಸ್ಥಾನವನ್ನು ಗೆದ್ದುಕೊಳ್ಳುವ ಹಂಬಲ ಮೂಡುತ್ತದೆ. ಹ್ಯಾಟೆಗಳನ್ನು ಕಾಯುವುದು ಅದರ ಧರ್ಮ. ನಿತ್ಯ ಗೂಡಿಗೆ ಕೈಹಾಕಿ ಮೊಟ್ಟೆ ತೆಗೆಯುವ ನಾವು ಅದರ ಕಣ್ಣಿಗೆ ಎದುರಾಳಿಗಳಾಗಿ ಕಂಡರೆ ಆಶ್ಚರ್ಯವೇನು? ಎಳವೆಯಲ್ಲಿ ಕೈಯಲ್ಲೇ ಆಡಿಸಿ ಬೆಳೆಸಿದ ಹುಂಜವೂ ಮನುಷ್ಯನ ಅಂಜಿಕೆಯನ್ನು ಕಳೆದುಕೊಂಡು ಮೇಲೆ ಬರುವುದುಂಟು.

ಎರಗುವ ಮುನ್ನ ಹುಂಜವು ಸೂಚನೆ ಕೊಡುತ್ತದೆ. ಒಂದು ರೆಕ್ಕೆಯನ್ನು ನೆಲಕ್ಕೆ ತಾಗುವಂತೆ ಇಳಿಸಿ ಅಡ್ಡಡ್ಡಲಾಗಿ ಹೆಜ್ಜೆಯಿಡುತ್ತದೆ. ಕತ್ತಿನ ಗರಿಗಳನ್ನು ಕೊಡೆಯಂತೆ ಬಿಚ್ಚುತ್ತದೆ. ಕಾಳಿಲ್ಲದ ಕಡೆಯೂ ನೆಲವನ್ನು ಕುಕ್ಕುತ್ತದೆ. ಕೆಲವು ಹುಂಜಗಳು ನಾವು ಬೆನ್ನು ತಿರುಗಿಸುವುದನ್ನೇ ಕಾದಿರುತ್ತವೆ. ಮನೆಯ ಮಕ್ಕಳಿಗೂ ಈ ಗುರುತುಗಳನ್ನು ತೋರಿಸಿಕೊಡಿ.

ಆಗ ಮಾಡಬಾರದ್ದು ಎರಡು. ಮೊದಲನೆಯದು ಓಟ. ಓಡಿದವನು ಸೋತವನೆಂಬುದು ಕೋಳಿಗಳ ಲೆಕ್ಕ. ಒಮ್ಮೆ ಓಡಿದರೆ ಮಾರನೆಯ ದಿನ ಹುಂಜದ ಧೈರ್ಯ ಇಮ್ಮಡಿಯಾಗುತ್ತದೆ. ಎರಡನೆಯದು ಹೊಡೆತ. ಒದ್ದರೆ, ಕಲ್ಲೆಸೆದರೆ ಅದಕ್ಕೆ ಕಾಳಗದ ಆಹ್ವಾನ ಸಿಕ್ಕಂತಾಯಿತು. ಅಷ್ಟೇ ಅಲ್ಲ, ಒಂದೇ ಏಟಿಗೆ ಕಾಲೋ ಎದೆಯ ಮೂಳೆಯೋ ಮುರಿದು ಜೀವ ನರಳೀತು.

ದೊಡ್ಡವರು ಮಾಡಬೇಕಾದುದು ಇಷ್ಟು. ಹಿತ್ತಿಲಿಗೆ ಹೋಗುವಾಗ ಕೈಯಲ್ಲಿ ಒಂದು ಹಳೆಯ ಮೊರವಿರಲಿ. ಹುಂಜ ಎದುರಾದರೆ ಅಲ್ಲೇ ನಿಂತು, ಕಾಲಿಗೂ ಹುಂಜಕ್ಕೂ ನಡುವೆ ಮೊರವನ್ನು ಅಡ್ಡ ಹಿಡಿಯಿರಿ. ಅದು ಒಂದೆರಡು ಸಲ ಎಗರಿ ದಣಿದು, ಮುಖ ತಿರುಗಿಸಿ ದೂರ ಸರಿಯುವವರೆಗೂ ನೀವು ಹಿಂದೆ ಸರಿಯಬೇಡಿ. ಸರಿದ ಮೇಲೆ ನಾಲ್ಕು ಕಾಳು ಚೆಲ್ಲಿರಿ. ಎಗರುತ್ತಿರುವಾಗ ಚೆಲ್ಲಿದರೆ ಎಗರಿದ್ದಕ್ಕೇ ಸಂಭಾವನೆ ಕೊಟ್ಟಂತಾಗುತ್ತದೆ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣದು. ಆದ್ದರಿಂದ ಹಿಡಿಯಬೇಕಾದರೆ ಗೂಡು ಸೇರಿದ ಮೇಲೆ ಹಿಡಿಯುವುದು ಸುಲಭ. ಎರಡು ರೆಕ್ಕೆಗಳನ್ನೂ ಮೈಗೆ ಒತ್ತಿ ಕಂಕುಳಲ್ಲಿ ಇರಿಸಿಕೊಂಡು, ಅದು ಸುಮ್ಮನಾದ ಮೇಲೆ ಕೆಳಗೆ ಬಿಡಿ. ಹಲವು ದಿನ ಹೀಗೆ ನಡೆಸಿದರೆ ಎಷ್ಟೋ ಹುಂಜಗಳು ತಗ್ಗುತ್ತವೆ.

ಗುಂಪಿನ ಏರ್ಪಾಡನ್ನೂ ನೋಡಬೇಕು. ಒಂದು ಹುಂಜಕ್ಕೆ ಎಂಟು ಹತ್ತು ಹ್ಯಾಟೆಗಳು ಸಾಕು. ನಾಲ್ಕು ಹ್ಯಾಟೆಗಳ ನಡುವೆ ಮೂರು ಹುಂಜಗಳಿದ್ದರೆ ಹಿತ್ತಿಲು ಕುರುಕ್ಷೇತ್ರವಾಗುವುದು ಸಹಜ. ಮಕ್ಕಳು ಅಂಗಳದಲ್ಲಿ ಆಡುವ ಹೊತ್ತಿನಲ್ಲಿ ಹುಂಜವನ್ನು ಬುಟ್ಟಿಯಡಿ ಮುಚ್ಚಿಡಿ, ಇಲ್ಲವೆ ಬೇಲಿಯೊಳಗೆ ಬಿಡಿ. ಕಾಲಿನ ಹಿಂಬದಿಯ ಮುಳ್ಳು ಚೂಪಾಗಿದ್ದರೆ ತುದಿಯನ್ನಷ್ಟೇ ಅರದಿಂದ ಉಜ್ಜಿ ಮೊಂಡು ಮಾಡಬಹುದು. ಬುಡದವರೆಗೆ ಕತ್ತರಿಸಬಾರದು, ಒಳಗೆ ಜೀವವುಳ್ಳ ಭಾಗವಿದೆ, ರಕ್ತ ಹರಿಯುತ್ತದೆ.

ಹುಂಜ ಗೀರಿದ ಗಾಯವನ್ನು ಅಲಕ್ಷಿಸಬೇಡಿ. ಅದರ ಕಾಲು ಸದಾ ತಿಪ್ಪೆಯಲ್ಲಿರುತ್ತದೆ. ಸೋಪು ಹಚ್ಚಿ, ನೀರು ಸುರಿಯುತ್ತ ಚೆನ್ನಾಗಿ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ವೈದ್ಯರನ್ನು ಕೇಳಿ. ಕೋಳಿಯಿಂದ ಹುಚ್ಚುನಾಯಿ ರೋಗ ಬರುವುದಿಲ್ಲ. ಆ ಅಂಜಿಕೆ ಬೇಡ. ಕಣ್ಣಿಗೆ ಪೆಟ್ಟಾಗಿದ್ದರೆ ಮಾತ್ರ ಉಜ್ಜದೆ, ಒತ್ತದೆ, ಎಣ್ಣೆ ಹಾಲುಗಳನ್ನು ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇಷ್ಟೆಲ್ಲ ಮಾಡಿದರೂ ತಗ್ಗದ ಹುಂಜವಿದ್ದರೆ? ಹುಂಜವಿಲ್ಲದೆ ಮೊಟ್ಟೆಯೇ ಇಲ್ಲವೆಂದು ಹಲವರು ತಿಳಿದಿದ್ದಾರೆ. ಇದು ತಪ್ಪು. ಹುಂಜವಿಲ್ಲದಿದ್ದರೂ ಹ್ಯಾಟೆ ಮೊಟ್ಟೆಯಿಡುತ್ತದೆ. ಮರಿ ಬೇಕಾದಾಗ ಮಾತ್ರ ಹುಂಜ ಬೇಕು. ಹುಂಜದ ಮುಂಗೋಪ ಒಂದಿಷ್ಟು ಮರಿಗಳಿಗೂ ಇಳಿಯುವುದರಿಂದ ಇಂಥದರ ಮೊಟ್ಟೆಗಳನ್ನು ಕಾವಿಗೆ ಇಡದಿರುವುದೇ ಲೇಸು. ಹುಂಜವನ್ನು ಬದಲಿಸಿದ ಮೇಲೂ ಮೂರು ನಾಲ್ಕು ವಾರ ಕಾಯಿರಿ; ಹಳೆಯ ಹುಂಜದ ಬೀಜ ಹ್ಯಾಟೆಯಲ್ಲಿ ಎರಡು ವಾರವಾದರೂ ಉಳಿದಿರುತ್ತದೆ. ಮಕ್ಕಳಿರುವ ಇನ್ನೊಂದು ಮನೆಗೆ ಅದರ ಗುಣ ಮುಚ್ಚಿಟ್ಟು ಮಾರುವುದು ಧರ್ಮವಲ್ಲ. ಕೋಳಿ ಅಂಕಕ್ಕೆ ಕೊಡುವುದಂತೂ ಕೂಡದು. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ.

ಕೋಳಿಯನ್ನು ಕೇಳಿ ಖಾರ ಅರೆಯುತ್ತಾರೆಯೇ ಎಂಬ ಗಾದೆ ನಮ್ಮಲ್ಲಿದೆ. ತಿನ್ನುವ ಮನೆಯವರು ಅಂಥ ಹುಂಜದ ವಿಷಯದಲ್ಲಿ ಏನು ಮಾಡುವರೆಂಬುದನ್ನು ನಾನು ಬರೆಯಬೇಕಾಗಿಲ್ಲ. ಮೊದಲು ತಾಳ್ಮೆಯಿಂದ ತಿದ್ದಿ ನೋಡಿ. ಆದರೆ ಆ ತಾಳ್ಮೆಗೂ ಒಂದು ಗಡುವಿರಲಿ. ಕೂಸಿನ ಕಣ್ಣಿನ ಮುಂದೆ ಹುಂಜದ ಬೆಲೆ ದೊಡ್ಡದಲ್ಲ.