ಗೇಣುದ್ದದ ನುಸಿ, ಚಪ್ಪರದಡಿಯ ಸೂರ್ಯ

ಕಣ್ಣಿಗೆ ಕಾಣದ ಜೀವಿಯೊಂದರ ಬಗ್ಗೆ ಊರಿನ ಜನರ ಮುಂದೆ ನಿಂತು ಮಾತನಾಡುವುದು ಸುಲಭದ ಕೆಲಸವಲ್ಲ. ತೆಂಗಿನ ಸೀಮೆಗೆ ಈ ಕಷ್ಟ ಚೆನ್ನಾಗಿ ಗೊತ್ತು. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಮೊದಲು ಗುರುತಿಸಲಾದ ತೆಂಗಿನ ನುಸಿ, ಕೆಲವೇ ವರ್ಷಗಳಲ್ಲಿ ಕರ್ನಾಟಕದ ತೋಟಗಳಿಗೂ ಹಬ್ಬಿತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಬೆಳೆಗಾರರ ನಿದ್ದೆ ಕೆಡಿಸಿತು. ಎಳೆಗಾಯಿಯ ತೊಟ್ಟಿನ ಬಳಿ ಮೊದಲು ಬಿಳಿಚಿದ ತ್ರಿಕೋನಾಕಾರದ ಮಚ್ಚೆ, ಬಳಿಕ ಕಂದು ಕಲೆ, ಅದರ ಮೇಲೆ ಬಿರುಕು. ಕೊನೆಗೆ ಸುಲಿಯಲು ಬಾರದ, ಸೊರಗಿದ ಕಾಯಿ. ಹಾನಿ ಎಲ್ಲರಿಗೂ ಕಾಣುತ್ತಿತ್ತು. ಹಾನಿ ಮಾಡಿದವರು ಯಾರಿಗೂ ಕಾಣುತ್ತಿರಲಿಲ್ಲ.

ಕಾಣದಿದ್ದುದಕ್ಕೆ ಕಾರಣವಿದೆ. ಈ ನುಸಿಯ ಉದ್ದ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟು ಮಾತ್ರ. ಅದು ವಾಸಿಸುವುದೂ ಕಾಯಿಯ ಹೊರಮೈ ಮೇಲಲ್ಲ. ತೊಟ್ಟಿಗೆ ಅಂಟಿಕೊಂಡ ಪುಷ್ಪಪಾತ್ರೆಯ ಎಸಳುಗಳ ಅಡಿಯಲ್ಲಿ. ಅಲ್ಲಿನ ಎಳೆಯ ಅಂಗಾಂಶದ ರಸ ಹೀರಿ ಬೆಳೆಯುತ್ತದೆ, ಗಾಳಿಯಲ್ಲಿ ತೇಲಿ ಇನ್ನೊಂದು ಮರಕ್ಕೆ ಹೋಗುತ್ತದೆ. ಹೀಗಾಗಿ ಮಳೆ ಕೈಕೊಟ್ಟದ್ದರಿಂದಲೋ ಗೊಬ್ಬರ ಸಾಲದ್ದರಿಂದಲೋ ಕಾಯಿ ಕೆಟ್ಟಿತೆಂದು ಬೆಳೆಗಾರನಿಗೆ ಅನ್ನಿಸಿದರೆ ಅದರಲ್ಲಿ ಅಚ್ಚರಿಯಿಲ್ಲ. ಕಾರಣ ತಿಳಿಯದಿದ್ದರೆ ಮದ್ದು ತಪ್ಪುತ್ತದೆ. ತೊಟ್ಟಿನ ಅಡಿಗೆ ತಲುಪಬೇಕಾದ ಬೇವಿನ ಎಣ್ಣೆಯ ಸಿಂಪಡಣೆ ಗರಿಯ ಮೇಲೆ ಬಿದ್ದು ವ್ಯರ್ಥವಾಗುತ್ತದೆ.

ಕರಪತ್ರ ಇದನ್ನೆಲ್ಲ ಹೇಳಬಲ್ಲದು, ಆದರೆ ತೋರಿಸಲಾರದು. ತೋರಿಸಲು ಬೇಕಾದದ್ದು ಮೂರು: ಒಂದು ಉಪಕರಣ, ಅದರ ಹಿಂದಿನ ವಿದ್ಯೆ, ಮತ್ತು ಇವೆರಡನ್ನೂ ಜನರ ಮನಸ್ಸಿಗೆ ಮುಟ್ಟಿಸುವ ಕಲೆ. ಮೂರನ್ನೂ ಒಂದೇ ಸಭೆಯಲ್ಲಿ ಕೂಡಿಸಲು ಯತ್ನಿಸಿದವರು ಕನ್ನಡ ನಾಡಿನಲ್ಲಿ ಆಗಾಗ ಕಾಣಸಿಗುತ್ತಾರೆ. ಅವರ ಅನುಭವದಿಂದ ಇಂದಿನ ಸಭೆಗಳು ಕಲಿಯಬೇಕಾದದ್ದು ಬಹಳಷ್ಟಿದೆ.

ಪ್ರಾಧ್ಯಾಪಕರ ಮನೆಯಿಂದ ಬಂದ ದನಿ

ಮೊದಲು ಬೇಕಾದದ್ದು ಭಾಷೆ. ತುಮಕೂರು ಸಮೀಪದ ಬೆಳ್ಳಾವೆಯ ಹೆಸರನ್ನು ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದವರು. ಅವರೇ ಪಂಪಭಾರತದ ಸಂಪಾದನೆಗೂ ಕೈ ಹಾಕಿದರು. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆ ಬಹುಕಾಲ ಬಾಳಲಿಲ್ಲ. ಆದರೆ ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಬರುತ್ತದೆಯೇ ಎಂಬ ಸಂದೇಹಕ್ಕೆ ಅದು ಕೊಟ್ಟ ಉತ್ತರ ಉಳಿಯಿತು.

ಅಚ್ಚಾದ ಮಾತು ಓದು ಬಲ್ಲವರಿಗೆ ಮಾತ್ರ. ಓದು ಬಾರದವರನ್ನು ತಲುಪುವ ಯಂತ್ರವೊಂದು ಮೈಸೂರಿನಲ್ಲಿ 1935ರಲ್ಲಿ ಮಾತನಾಡತೊಡಗಿತು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವ್ಯಾಟ್ ಶಕ್ತಿಯ ಪುಟ್ಟ ಪ್ರೇಷಕವೊಂದನ್ನು ಇಟ್ಟುಕೊಂಡು ಬಾನುಲಿ ಕೇಂದ್ರವನ್ನು ಆರಂಭಿಸಿದರು. ಮನೆಯ ಒಂದು ದೊಡ್ಡ ವಿದ್ಯುದ್ದೀಪ ತಿನ್ನುವಷ್ಟೇ ಶಕ್ತಿ ಅದು. ಊರು ಮತ್ತು ಸುತ್ತಮುತ್ತಲ ಪ್ರದೇಶವೇ ಅದರ ಜಗತ್ತು. ಹಾಸ್ಯ ಲೇಖಕರೂ ಇತಿಹಾಸದ ಅಧ್ಯಾಪಕರೂ ಆಗಿದ್ದ ನಾ. ಕಸ್ತೂರಿ ಅವರ ಜೊತೆಗಿದ್ದರು. 'ಆಕಾಶವಾಣಿ' ಎಂಬ ಹೆಸರನ್ನು ಸೂಚಿಸಿದವರು ಕಸ್ತೂರಿಯವರೇ ಎಂಬ ಮಾತು ಪ್ರಚಲಿತವಾಗಿದೆ. ಅದೇ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಬಂದದ್ದು ಎಲ್ಲರಿಗೂ ತಿಳಿದ ಸಂಗತಿ.

ಗಮನಿಸಬೇಕಾದದ್ದು ಹೆಸರಿಗಿಂತ ಹೆಚ್ಚಾಗಿ ಆ ಜೋಡಿಯನ್ನು. ಒಬ್ಬರು ಮನಸ್ಸು ಹೇಗೆ ಗ್ರಹಿಸುತ್ತದೆ ಎಂಬುದನ್ನು ವಿಜ್ಞಾನವಾಗಿ ಅಭ್ಯಾಸ ಮಾಡಿದವರು. ಇನ್ನೊಬ್ಬರು ಜನರನ್ನು ನಗಿಸಿ ಕಟ್ಟಿಹಾಕಬಲ್ಲ ಮಾತುಗಾರರು. ಯಂತ್ರ ಇವರಿಬ್ಬರ ನಡುವೆ ಕುಳಿತಿತ್ತು. ರೇಡಿಯೋದಲ್ಲಿ ಮಾತನಾಡುವಾತನಿಗೆ ಎದುರಿಗೆ ಜನರಿಲ್ಲ, ಕೈಸನ್ನೆಗೆ ಬೆಲೆಯಿಲ್ಲ. ದನಿಯಲ್ಲೇ ಎಲ್ಲವನ್ನೂ ಕಾಣಿಸಬೇಕು. ಹರಿಕಥೆಯ ದಾಸರಿಗೂ ಗಮಕಿಗಳಿಗೂ ಈ ವಿದ್ಯೆ ಮೊದಲೇ ಗೊತ್ತಿತ್ತು. ಆಧುನಿಕ ಯಂತ್ರಕ್ಕೆ ಬೇಕಾದ ಕೌಶಲ ಹಳೆಯ ಕಲೆಯೊಳಗೆ ಸಿದ್ಧವಾಗಿಯೇ ಇತ್ತು.

ಯಂತ್ರ ದೊಡ್ಡದಾದರೆ ಸಾಕೇ? 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ದೂರದರ್ಶನ ಪ್ರಯೋಗ 'ಸೈಟ್', ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳನ್ನು ಮುಟ್ಟಿಸಿತು. ಕರ್ನಾಟಕದಲ್ಲಿ ಅದು ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಬಂತು. ಜಗತ್ತೇ ಬೆರಗಾದ ಸಾಹಸ ಅದು. ಆದರೆ ಪರದೆ ಮಾತನಾಡುತ್ತಿತ್ತು, ಕೇಳಿಸಿಕೊಳ್ಳುತ್ತಿರಲಿಲ್ಲ. 'ನನ್ನ ಹೊಲದ ಮಣ್ಣು ಬೇರೆಯಲ್ಲ?' ಎಂದು ರೈತ ಅದನ್ನು ಕೇಳುವಂತಿರಲಿಲ್ಲ.

ಗ್ರಹಣವೂ ಒಂದು ಗೊಂಬೆಯಾಟ

ಉಪಕರಣ ಎಂದರೆ ವಿದ್ಯುತ್ತಿನಿಂದ ನಡೆಯುವಂಥದ್ದೇ ಆಗಬೇಕಿಲ್ಲ. ತೊಗಲು ಗೊಂಬೆಯಾಟ ಬೆಳಕಿನ ವಿಜ್ಞಾನವನ್ನೇ ಆಧರಿಸಿದ ಕಲೆ. ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿದ ತೊಗಲು, ಅದಕ್ಕೆ ಬಣ್ಣ, ಹಿಂದೆ ದೀಪ, ಮುಂದೆ ಬಿಳಿಯ ಪರದೆ. ಗೊಂಬೆ ಪರದೆಗೆ ಒತ್ತಿಕೊಂಡಿದ್ದರೆ ಅಂಚು ಚೂಪು, ಬಣ್ಣ ಸ್ಪಷ್ಟ. ದೀಪದ ಕಡೆಗೆ ಸರಿದರೆ ನೆರಳು ಹಿಗ್ಗುತ್ತದೆ, ಅಂಚು ಮಸುಕಾಗುತ್ತದೆ. ರಾಕ್ಷಸ ಬೆಳೆಯುವುದೂ ವಾಮನ ತ್ರಿವಿಕ್ರಮನಾಗುವುದೂ ಈ ಲೆಕ್ಕದಿಂದಲೇ. ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಈ ಕಲೆ ಮತ್ತೆ ಸುದ್ದಿಯಾಯಿತು.

ಇದೇ ಆಟ ಆಕಾಶದಲ್ಲಿ ನಡೆದರೆ ಅದರ ಹೆಸರು ಗ್ರಹಣ. ಸೂರ್ಯ ದೀಪ, ಚಂದ್ರ ಗೊಂಬೆ, ಭೂಮಿ ಪರದೆ. 1980ರ ಫೆಬ್ರುವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಉತ್ತರ ಕನ್ನಡದ ಕರಾವಳಿಯಿಂದ ರಾಯಚೂರಿನ ಕಡೆಗೆ ಹಾದುಹೋದಾಗ ಬಹಳಷ್ಟು ಜನ ಬಾಗಿಲು ಹಾಕಿಕೊಂಡು ಒಳಗೇ ಕುಳಿತಿದ್ದರು. ಒಂದು ಜೀವಮಾನದಲ್ಲಿ ಒಮ್ಮೆ ಊರಿನ ಮೇಲೆ ಹಾಯುವ ನೆರಳನ್ನು ನೋಡದೆಯೇ ಕಳೆದುಕೊಂಡರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿದ್ದು ಅದೇ ವರ್ಷ. ಆ ಬಳಿಕದ ಗ್ರಹಣಗಳಲ್ಲಿ ಶಾಲಾ ಅಂಗಳಗಳಿಗೆ ಕನ್ನಡಕ, ಕನ್ನಡಿ, ರಂಧ್ರದ ಪೆಟ್ಟಿಗೆ ಬಂದವು. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರು, ಕಾಸರಗೋಡು, ಕೊಡಗಿನ ಕಡೆ ಕಂಕಣ ಗ್ರಹಣ ಕಾಣಿಸಿದಾಗ ಬಾಗಿಲು ಹಾಕಿಕೊಂಡವರೂ ಇದ್ದರು, ಬಯಲಿಗೆ ಬಂದವರೂ ಬಹಳ ಮಂದಿ ಇದ್ದರು.

ತೆಂಗಿನ ಸೀಮೆಯವರಿಗೆ ಈ ಪಾಠಕ್ಕೆ ಪೆಟ್ಟಿಗೆಯೂ ಬೇಡ. ಗರಿಯ ಚಪ್ಪರದ ಕೆಳಗೆ ನೆಲದ ಮೇಲೆ ಬೀಳುವ ದುಂಡು ಬಿಸಿಲ ಬಿಲ್ಲೆಗಳನ್ನು ಎಲ್ಲರೂ ನೋಡಿದ್ದಾರೆ. ಗರಿಯ ಸಂದು ಚೌಕವಿರಲಿ, ಸೀಳಿರಲಿ, ಬಿಲ್ಲೆ ಮಾತ್ರ ದುಂಡಗೆ. ಏಕೆಂದರೆ ಅದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ. ಬಿಂಬದ ಅಗಲ ಅದು ಹಾದುಬಂದ ದೂರದ ನೂರಾಹತ್ತನೆಯ ಒಂದು ಭಾಗದಷ್ಟು. ನೆತ್ತಿಯ ಸೂರ್ಯನಿದ್ದಾಗ ಹನ್ನೊಂದು ಅಡಿ ಎತ್ತರದ ಚಪ್ಪರದಿಂದ ಬಿದ್ದರೆ ಸುಮಾರು ಒಂದೂಕಾಲು ಅಂಗುಲ. ಗ್ರಹಣ ಹಿಡಿದಾಗ ಈ ಬಿಲ್ಲೆಗಳೆಲ್ಲ ಒಟ್ಟಿಗೇ ಕುಡುಗೋಲಿನಂತೆ ಬಾಗುತ್ತವೆ. ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣಿಗೆ ಹಾನಿ. ನೆಲದ ಮೇಲಿನ ನೂರು ಸೂರ್ಯರನ್ನು ನೋಡಲು ಯಾವ ಭಯವೂ ಇಲ್ಲ. ಇದನ್ನು ತೋರಿಸುವ ಉಪನ್ಯಾಸಕ ಒಂದು ಗೊಂಬೆಯನ್ನೂ ಒಂದು ದೀಪವನ್ನೂ ಜೊತೆಗಿಟ್ಟುಕೊಂಡರೆ ರಾಹುವಿನ ಕಥೆಯನ್ನು ಹೀಗಳೆಯುವ ಅಗತ್ಯವೇ ಬೀಳುವುದಿಲ್ಲ. ಜನರೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಪ್ರದರ್ಶನದ ಬಳಿಕದ ಅರ್ಧ ಗಂಟೆ

ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು 1980ರಲ್ಲಿ ಆರಂಭಿಸಿದ ಕಲಾ ಜಾಥಾ, ವಿಜ್ಞಾನವನ್ನು ಹಾಡು, ಕಿರುನಾಟಕಗಳ ಮೂಲಕ ಸಂತೆ ಮೈದಾನಕ್ಕೆ ತಂದಿತು. 1987ರ ಭಾರತ ಜನ ವಿಜ್ಞಾನ ಜಾಥಾ ಅದನ್ನು ದೇಶದ ಐದು ಕಡೆಗಳಿಂದ ಹೊರಡಿಸಿ, ಅನಿಲ ದುರಂತ ಕಂಡಿದ್ದ ಭೋಪಾಲದಲ್ಲಿ ಕೂಡಿಸಿತು. 1990ರಲ್ಲಿ ಸಾಕ್ಷರತೆಗಾಗಿ ಹೊರಟ ಜ್ಞಾನ ವಿಜ್ಞಾನ ಜಾಥಾದ ಹೊತ್ತಿಗೆ ಈ ರೂಪ ಕರ್ನಾಟಕದ ಹಳ್ಳಿಗಳಿಗೂ ಪರಿಚಿತವಾಯಿತು. ವೇದಿಕೆಯಿಲ್ಲ, ತೆರೆಯಿಲ್ಲ, ಒಂದು ವಾಹನ, ಒಂದು ವಾದ್ಯ, ಬೆರಳೆಣಿಕೆಯ ಕಲಾವಿದರು. ಇಲ್ಲಿ ಕಲೆ ಉಪನ್ಯಾಸದ ಒಗ್ಗರಣೆಯಾಗಿರಲಿಲ್ಲ, ಅದೇ ಅಡುಗೆಯಾಗಿತ್ತು.

ಇನ್ನೊಂದು ದಾರಿ ಹೆಗ್ಗೋಡಿನದು. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿತು. 1979ರಿಂದ ಚಲನಚಿತ್ರ ರಸಗ್ರಹಣ ಶಿಬಿರಗಳು ನಡೆದವು. ಪುಣೆಯ ಚಲನಚಿತ್ರ ಸಂಸ್ಥೆಯ ಸತೀಶ್ ಬಹಾದೂರ್ ಅವರಂಥವರು ಅಡಿಕೆ ಸೀಮೆಯ ಹಳ್ಳಿಗೆ ಬಂದು ಪಾಠ ಹೇಳಿದರು. 1980ರ ದಶಕದ 'ಜನಸ್ಪಂದನ' ಯೋಜನೆ ಪ್ರೊಜೆಕ್ಟರನ್ನು ಊರೂರಿಗೆ ಹೊತ್ತೊಯ್ದಿತು. ಜಗತ್ತಿನ ಶ್ರೇಷ್ಠ ಚಿತ್ರಗಳು ರೈತರಿಗೆ ಅರ್ಥವಾಗುವುದೇ ಎಂಬ ಪಟ್ಟಣಿಗರ ಅನುಮಾನಕ್ಕೆ ಪ್ರದರ್ಶನದ ಬಳಿಕ ನಡೆದ ಚರ್ಚೆಗಳೇ ಉತ್ತರ ಕೊಟ್ಟವು. ಪ್ರೊಜೆಕ್ಟರ್ ಆರಿದ ಮೇಲೆ ಆರಂಭವಾಗುವ ಮಾತೇ ಇಲ್ಲಿ ಮುಖ್ಯ ಕಾರ್ಯಕ್ರಮ.

ಇಂದು ಹೊತ್ತೊಯ್ಯಲು ಭಾರವಾದ ಯಂತ್ರಗಳಿಲ್ಲ. ಮೊಬೈಲಿಗೆ ಪುಟ್ಟ ಮಸೂರ ಸಿಕ್ಕಿಸಿದರೆ ನುಸಿಯ ಚಿತ್ರ ಗೋಡೆಯ ಮೇಲೆ ಮೂಡುತ್ತದೆ. ಅಪಾಯವೂ ಇಲ್ಲೇ ಇದೆ. ಚಿತ್ರಗಳು ಒಂದರ ಹಿಂದೊಂದು ಸರಿದುಹೋಗುತ್ತವೆ, ಉಪನ್ಯಾಸಕ ಪರದೆಯನ್ನು ಓದುತ್ತಾನೆ, ಜನ ಕತ್ತಲಲ್ಲಿ ಸುಮ್ಮನಿರುತ್ತಾರೆ. ದೀಪ ಹತ್ತಿದಾಗ ವಂದನಾರ್ಪಣೆ.

ಎಷ್ಟು ಪಟ್ಟು ಎಂದು ಹೇಳುವುದು

ಹಿಗ್ಗಿಸಿ ತೋರಿಸುವ ಕಲೆಗೆ ಒಂದು ಹೊಣೆಯಿದೆ. ನುಸಿಯನ್ನು ಸಾವಿರ ಪಟ್ಟು ದೊಡ್ಡದು ಮಾಡಿದರೆ ಗೇಣುದ್ದದ ಗೊಂಬೆಯಾಗುತ್ತದೆ. ಹುಳುವಿನಂಥ ಬಿಳಿಯ ದೇಹ, ತಲೆಯ ಬಳಿ ಎರಡೇ ಜೊತೆ ಕಾಲು. ಅದೇ ಲೆಕ್ಕದಲ್ಲಿ ಒಂದು ಅಡಿಯ ಕಾಯಿ ಸಾವಿರ ಅಡಿ ಎತ್ತರದ ಗುಡ್ಡವಾಗುತ್ತದೆ. ಗೊಂಬೆಯನ್ನು ಮಾತ್ರ ತೋರಿಸಿ ಗುಡ್ಡವನ್ನು ಹೇಳದಿದ್ದರೆ ನುಸಿ ರಾಕ್ಷಸನಾಗುತ್ತದೆ, ಕಂಡ ವಿಷವನ್ನೆಲ್ಲ ಸುರಿಯುವ ಭಯ ಹುಟ್ಟುತ್ತದೆ. ಎರಡನ್ನೂ ಹೇಳಿದರೆ ಆ ಗುಡ್ಡದಲ್ಲಿ ಅದು ಅಡಗುವ ಗವಿ ಯಾವುದು, ಮದ್ದು ತಲುಪಬೇಕಾದದ್ದು ಎಲ್ಲಿಗೆ ಎಂಬುದು ಜನರಿಗೆ ತಾನಾಗಿ ಹೊಳೆಯುತ್ತದೆ. ಚಿತ್ರ ಬರೆಯುವುದನ್ನೂ ಛಾಯಾಚಿತ್ರ ತೆಗೆಯುವುದನ್ನೂ ಬಲ್ಲ ಶಿವರಾಮ ಕಾರಂತರು 'ಬಾಲಪ್ರಪಂಚ', 'ವಿಜ್ಞಾನ ಪ್ರಪಂಚ'ಗಳನ್ನು ಕಟ್ಟಿದ್ದು, ನೋಡಿಸುವುದೂ ತಿಳಿಸುವುದೂ ಬೇರೆ ಬೇರೆಯಲ್ಲ ಎಂಬ ನಂಬಿಕೆಯಿಂದಲೇ.

ತಿಪಟೂರಿನ ಸಭಿಕರು ಏನೂ ತಿಳಿಯದವರಲ್ಲ ಎಂಬುದನ್ನೂ ಉಪನ್ಯಾಸಕ ನೆನಪಿಡಬೇಕು. ಇಲ್ಲಿನ ಉಂಡೆ ಕೊಬ್ಬರಿಗೆ ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಕುಗ್ಗಿ, ಕರಟದಿಂದ ಬಿಡಿಸಿಕೊಳ್ಳುತ್ತದೆ. ಕಾಯಿ ಒಡೆಯದೆ, ಅಲ್ಲಾಡಿಸಿ, ಒಳಗೆ ಉಂಡೆ ಉರುಳುವ ಸದ್ದಿನಿಂದಲೇ ಕೊಬ್ಬರಿ ಆಗಿದೆಯೇ ಇಲ್ಲವೇ ಎಂದು ಹೇಳುವವರು ಇವರು. ದನಿಯಿಂದ ಒಳಗಿನ ಸ್ಥಿತಿ ತಿಳಿಯುವುದು ವಿಜ್ಞಾನವೇ. ಈ ಸದ್ದಿನಿಂದ ಆರಂಭವಾದ ಮಾತು ನೀರಾವಿ, ಬೂಷ್ಟು, ನುಸಿಯವರೆಗೂ ಸಲೀಸಾಗಿ ಹೋಗಬಲ್ಲದು.

ನೆಟ್ಟ ಎತ್ತರದ ತಳಿಯ ತೆಂಗು ಫಲ ಕೊಡಲು ಆರೇಳು ವರ್ಷ ಬೇಕು. ಆಮೇಲೆ ಅರವತ್ತು ವರ್ಷಕ್ಕೂ ಮಿಕ್ಕಿ ಅದು ಮನೆಯನ್ನು ಸಾಕುತ್ತದೆ. ರಾಗಿಯ ಹೊಲದಲ್ಲಿ ಆದ ತಪ್ಪನ್ನು ಮರುವರ್ಷ ತಿದ್ದಬಹುದು, ತೆಂಗಿನ ತೋಟದಲ್ಲಿ ಆದ ತಪ್ಪು ಮಗನ ಕಾಲಕ್ಕೂ ಉಳಿಯುತ್ತದೆ. ಹಾಗಾಗಿ ಇಂಥ ಸಭೆಯಲ್ಲಿ ಪರದೆ ಎಷ್ಟು ದೊಡ್ಡದು ಎಂಬುದಕ್ಕಿಂತ, ಹಿಂದಿನ ಸಾಲಿನ ಬೆಳೆಗಾರ ಎದ್ದು ನಿಂತು ಕೇಳಲು ಸಮಯ ಉಳಿದಿದೆಯೇ ಎಂಬುದನ್ನು ಸಂಘಟಕರು ಮೊದಲು ನೋಡಿಕೊಳ್ಳುವುದು ಒಳ್ಳೆಯದು.